ನೀ ಯಾರ ಪೈಕಿ? ಅರ್ಧ ನಡೆದ ಆಟಕ್ಕೆ ಹೊಸ ಪಾತ್ರ ಬಂದಾಗ

ನಮ್ಮ ಗಡಹಿಂಗ್ಲಜದ ಆಟದ ಒಂಬತ್ತನೇ ಬೈಠಕ್ಕಿಗೆ ಇಚಲಕರಂಜಿಯಿಂದ ಒಬ್ಬ ಹುಡುಗ ಬಂದಿದ್ದ. ಮುಂಜಾನೆ ಬಿಟ್ಟು, ಎರಡು ಎಸ್‌ಟಿ ಬದಲಿಸಿ, ನಿಪ್ಪಾಣಿ ಹಾಯ್ದು ಹನ್ನೊಂದಕ್ಕೆ ಮುಟ್ಟಿದ. ಮನೆಯಲ್ಲಿ ಕನ್ನಡ, ಸಾಲಿ ಕಲಿತದ್ದು ಮರಾಠಿ, ಕೆಲಸ ಪಾವರ್‌ಲೂಮಿನ ಲೆಕ್ಕ ಬರೆಯೂದು. ನಮಗೆಲ್ಲ ಭಾಳ ಖುಷಿ. ಆರನೇ ಕುರ್ಚಿ ಹಾಕಿದೆವು, ಭಡಂಗದ ಪೊಟ್ಟಣ ಅವನ ಕಡೆ ಸರಿಸಿದೆವು, ಕಥೆಯಲ್ಲೇ ಎಲ್ಲಕ್ಕಿಂತ ಚೆಂದದ್ದು ಅಂತ ಕಾಯ್ದಿಟ್ಟಿದ್ದ ಜೈನ ಪಂಡಿತನ ಪಾತ್ರವನ್ನು ಅವನ ಕೈಗೆ ಕೊಟ್ಟೆವು. ಹತ್ತು ನಿಮಿಷ ಆಗಿರಬೇಕು, ಕಥೆಯೊಳಗೆ ಒಂದು ಓಲೆ ಬಂತು. ಓಲೆ ಬಂದರೆ ಪಂಡಿತನೇ ಓದಬೇಕಲ್ಲ. ಕನ್ನಡದಲ್ಲಿ ಬರೆದಿಟ್ಟಿದ್ದ ಚೀಟಿಯನ್ನು ಅವನ ಮುಂದೆ ಇಟ್ಟೆವು. ಅವನು ಚೀಟಿ ನೋಡಿದ, ನಮ್ಮನ್ನು ನೋಡಿದ.

"ಅಣ್ಣಾ, ನನಗ ಮಾತಾಡಾಕ ಬರ್ತೈತಿ. ಓದಾಕ ಬರೂದಿಲ್ಲ."

ಮೇಜಿನ ಆ ತುದಿಗೆ ಯಾರೋ ನಕ್ಕರು. ಕೆಟ್ಟ ಮನಸ್ಸಿನ ನಗು ಅಲ್ಲ ಅದು, ಆದರೆ ನಗು ನಗುವೇ. ಚೀಟಿಯನ್ನು ಬೇರೆಯವರು ಓದಿದರು, ಆಟ ಮುಂದೆ ಹೋಯಿತು. ಹುಡುಗ ಚಹಾ ಕುಡಿದು, ಮೂರರ ಗಾಡಿ ಐತಿ ಅಂತ ಎದ್ದ. ಮತ್ತೆ ಬರಲಿಲ್ಲ.

ಇದರಲ್ಲಿ ಅವನದೇನೂ ತಪ್ಪಿಲ್ಲ, ಪೂರಾ ನಮ್ಮದೇ. ನಡೆದ ಆಟದೊಳಗೆ ಹೊಸ ಪಾತ್ರವನ್ನು ಹೆಂಗ ಕರಕೊಂಡು ಬರಬೇಕು ಅನ್ನೂದು ನಮಗೆ ಗೊತ್ತಿರಲಿಲ್ಲ. ಅದನ್ನ ನಾವು ಹೆಂಗ ಕಲಿತಿವಿ ಅನ್ನೂದನ್ನು ಇಲ್ಲಿ ಬರೀತೀವಿ. ಈಗ ಗಡಿ ತಾಲೂಕುಗಳಲ್ಲಿ ಒಬ್ಬೊಬ್ಬರು ಇಂಥ ಆಟ ಶುರು ಮಾಡುವ ಉಮೇದಿನಲ್ಲಿದ್ದೀರಿ. ನಾವು ಮುಗ್ಗರಿಸಿದ ಕಲ್ಲಿಗೆ ನೀವೂ ಮುಗ್ಗರಿಸೂದು ಬ್ಯಾಡ.

ಆಟ ಯಾವುದು ಅಂತ ಕೇಳುವವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಒಂದು ಆಟ ತಂದರು. ನಾಕೈದು ಮಂದಿ ಮೇಜಿನ ಸುತ್ತ ಕೂಡಬೇಕು, ಒಬ್ಬೊಬ್ಬರದು ಒಂದೊಂದು ಪಾತ್ರ. ಕಥೆ ನಡೆಸುವವನು ಒಬ್ಬ. "ಹೊಳಿ ತುಂಬೈತಿ, ಏನ್ ಮಾಡ್ತೀರಿ?" ಅಂತ ಅವನು ಕೇಳುತ್ತಾನೆ, ನಾವು ನಮ್ಮ ಪಾತ್ರದ ಬಾಯಿಂದ ಮಾತಾಡುತ್ತೇವೆ, ಆಗತೈತೋ ಇಲ್ಲೋ ಅನ್ನೂದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ನಡೀತೈತಿ. ಅದಕ್ಕೆ ಕ್ಯಾಂಪೇನ್ ಅಂತಾರೆ. ಅಷ್ಟು ದಿನ ನಡೆದಾಗ ಒಬ್ಬರು ಬಿಟ್ಟು ಹೋಗೂದು, ಇನ್ನೊಬ್ಬರು ಬರೂದು ಇದ್ದದ್ದೇ. ನಮ್ಮಲ್ಲಂತೂ ಹೆಚ್ಚು. ಒಬ್ಬ ಪುಣೆಗೆ ನೌಕರಿಗೆ ಹೋದ, ಒಬ್ಬಾಕಿಯ ಮದುವೆ ಆತು, ಒಬ್ಬಾಂವ ಸ್ಪರ್ಧಾ ಪರೀಕ್ಷೆ ಅಂತ ಕೊಲ್ಲಾಪುರದಲ್ಲಿ ಕೋಣಿ ಹಿಡಿದ. ಹೊಸಬರನ್ನು ಕರೆದುಕೊಳ್ಳಲು ಬಾರದ ಮೇಜು ನಮ್ಮ ಭಾಗದಲ್ಲಿ ವರ್ಷ ಬಾಳೂದಿಲ್ಲ.

ಇದು ಇಂಗ್ಲಿಷರ ಆಟ, ನಮಗ್ಯಾಕ ಅನ್ನುವವರು ಕಾಸರಗೋಡಿನ ಕಡೆ ಒಮ್ಮೆ ನೋಡಿ. ಅಲ್ಲಿಯ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತ ಪದ ಹಾಡುತ್ತಾನೆ, ಅರ್ಥಧಾರಿಗಳು ಎದುರಾ ಎದುರು ಕೂತು ಒಬ್ಬ ವಾಲಿ ಆಗಿ, ಒಬ್ಬ ರಾಮ ಆಗಿ ಅಲ್ಲೇ ಮಾತು ಹುಟ್ಟಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ದಾಳ ಒಂದು ಇಲ್ಲ ಅನ್ನೂದು ಬಿಟ್ಟರೆ ನಮ್ಮ ಮೇಜಿಗೂ ಅದಕ್ಕೂ ಫರಕು ಕಡಿಮೆ. ನಮ್ಮಂತೆಯೇ ರಾಜ್ಯದ ಗೆರೆಯ ಆಚೆ ಉಳಿದ ಕನ್ನಡಿಗರು ಅವರು. ಶೇಣಿ ಗೋಪಾಲಕೃಷ್ಣ ಭಟ್ಟರು ಆ ನೆಲದವರು, ರಾವಣ, ವಾಲಿ, ಜರಾಸಂಧ ಅವರ ಬಾಯಲ್ಲಿ ಬೇರೆಯೇ ಆಗುತ್ತಿದ್ದರು. ಬಪ್ಪನಾಡು ಕ್ಷೇತ್ರದ ಕಥೆಯಲ್ಲಿ ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿಯ ಪಾತ್ರಕ್ಕೂ ಅವರದೇ ಹೆಸರು. ದೇವರು ದಾನವರು ರಾಜರು ತುಂಬಿದ ರಂಗಕ್ಕೆ ಹಡಗಿನ ವ್ಯಾಪಾರಿಯೊಬ್ಬ ಬಂದು ಕೂತ, ಜನ ಅವನನ್ನು ಒಪ್ಪಿಕೊಂಡರು. ಹೊಸ ಪಾತ್ರಕ್ಕೆ ಜಾಗ ಮಾಡೂದು ಅಂದ್ರ ಇದು.

ತಾಳಮದ್ದಳೆಯಲ್ಲಿ ಪಾತ್ರ ಬಂದ ಕೂಡಲೇ 'ಪೀಠಿಕೆ' ಹೇಳುತ್ತದೆ. ನಾನ್ಯಾರು, ಎಲ್ಲಿಂದ ಬಂದೆ, ಈಗ ನನ್ನ ಮನಸ್ಸಿನಲ್ಲಿ ಏನಿದೆ ಅಂತ. ನಮ್ಮ ಬಯಲು ಸೀಮೆಯ ದೊಡ್ಡಾಟದಲ್ಲಿ ಈ ಕೆಲಸ ಸಾರಥಿಯದು, ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನದು. ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ, ಕೌಜಲಗಿ ನಿಂಗಮ್ಮ ಊರೂರಿಗೆ ಮುಟ್ಟಿಸಿದ ಆಟ ಅದು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿರಿ, ಗಡಿಯ ಈಚೆ ಕೂತು ನೋಡಿದವರು ಸಿಗ್ತಾರೆ. ಪಾತ್ರ ರಂಗಕ್ಕೆ ಬಂದು ಸುಮ್ಮನೆ ಮೂಲೆಯಲ್ಲಿ ನಿಲ್ಲೂದಿಲ್ಲ. ಭಾಗವತ ಮಾತಿಗೆ ಎಳೀತಾನ, ಕೆಣಕತಾನ. ಪಾತ್ರ ಉತ್ತರ ಕೊಡುತ್ತ ಕೊಡುತ್ತ ನಮಗೆ ಪರಿಚಯ ಆಗುತ್ತದೆ. ಯಾರು, ಯಾವೂರು, ಬಂದ ಕಾರಣ ಏನು. ಈ ಮೂರು ಪ್ರಶ್ನೆಗೆ ನಾವು ನಮ್ಮ ಕಡೆಯ ನಾಲ್ಕನೆಯದನ್ನು ಸೇರಿಸಿದ್ದೇವೆ: ನೀ ಯಾರ ಪೈಕಿ?

(ಮೇಜಿನ ಹೊರಗೆ ಈ ಪ್ರಶ್ನೆಯ ಹಿಂದೆ ಬಹಳ ಸಲ ಜಾತಿ ಅಡಗಿರುತ್ತದೆ ಅನ್ನೂದು ನಮಗೂ ಗೊತ್ತು. ಅಲ್ಲಿ ನಾವು ಅದನ್ನು ಕೇಳೂದಿಲ್ಲ. ಮೇಜಿನ ಮೇಲೆ ಮಾತ್ರ ಅದಕ್ಕೆ ಬೇರೆ ಅರ್ಥ ಕೊಟ್ಟಿದ್ದೇವೆ: ಈಗಾಗಲೇ ಕಥೆಯಲ್ಲಿ ಇರುವವರ ಪೈಕಿ ನಿನಗೆ ಯಾರು ಗೊತ್ತು?)

ಹೊಸಬ ಬಂದಾಗ ನಾವು ಮಾಡಿದ ತಪ್ಪುಗಳಲ್ಲಿ ಓಲೆಯದು ಕೊನೆಯದು. ಅದಕ್ಕೂ ಮುಂಚೆ ಬೇರೆ ಮಾಡಿದ್ದೆವು. ಒಬ್ಬನಿಗೆ ಹಿಂದಿನ ಎಂಟು ಬೈಠಕ್ಕಿನ ಕಥೆಯನ್ನು ಮುಕ್ಕಾಲು ತಾಸು ಹೇಳಿದೆವು. ಅರ್ಧಕ್ಕೇ ಅವನು ಮೊಬೈಲ್ ತೆಗೆದ. ನಮ್ಮ ನೆನಪು ನಮಗೆ ಸಿಹಿ, ಬಂದವನಿಗೆ ಅದು ಬರೇ ಹೆಸರುಗಳ ಪಟ್ಟಿ. ಇನ್ನೊಬ್ಬನ ಪಾತ್ರವನ್ನು ವೈರಿಯ ಸೆರೆಮನೆಯಲ್ಲಿ ಇಟ್ಟು, "ಇವರು ಬಂದು ನಿನ್ನನ್ನ ಬಿಡಿಸ್ತಾರ" ಅಂದೆವು. ಇದು ಎಲ್ಲರೂ ಮಾಡುವ ಉಪಾಯ, ಕೇಳಲು ಚಲೋ. ಆದರೆ ನಮ್ಮವರು ಆ ದಿನ ಸೆರೆಮನೆ ಬಿಟ್ಟು ಸಂತೆಗೆ ಹೋದರು, ಅಲ್ಲಿ ಒಂದು ಎತ್ತಿನ ವ್ಯಾಪಾರಕ್ಕೆ ಜಗಳ ತೆಗೆದು ಎರಡು ತಾಸು ಕಳೆದರು. ಹೊಸಬ ಬರೇ ಭಡಂಗ ತಿಂದು ಮನೆಗೆ ಹೋದ.

ಮೂರನೆಯದು ಲೆವೆಲ್ಲಿನ ತಪ್ಪು. ಪಾತ್ರ ಬಲಿಯುತ್ತಾ ಹೋದಂತೆ ಲೆವೆಲ್ ಏರುತ್ತದೆ. ನಮ್ಮವರೆಲ್ಲ ಐದನೇ ಲೆವೆಲ್ಲಿಗೆ ಬಂದಿದ್ದರು. "ನಾವು ಕಷ್ಟಪಟ್ಟು ಏರೀವಿ, ಹೊಸಬ ಒಂದರಿಂದಲೇ ಶುರು ಮಾಡಲಿ" ಅಂತ ಒಬ್ಬರ ವಾದ. ಕೇಳಲು ನ್ಯಾಯವೇ. ಈಗ ಲೆಕ್ಕ ನೋಡ್ರಿ. ಈ ಆಟದಲ್ಲಿ ಪಾತ್ರದ ಜೀವಶಕ್ತಿಗೆ ಒಂದು ಅಂಕ ಇರುತ್ತದೆ, ನಾವು ಅದನ್ನು ಉಸುರು ಅಂತೀವಿ. ಐದನೇ ಆವೃತ್ತಿಯ ನಿಯಮದಂತೆ ಒಂದನೇ ಲೆವೆಲ್ಲಿನ ಗಟ್ಟಿಮುಟ್ಟಾದ ಯೋಧನಿಗೆ 12 ಉಸುರು. ಅಂಥದೇ ಯೋಧನಿಗೆ ಐದನೇ ಲೆವೆಲ್ಲಿನಲ್ಲಿ 44. ಓಗರ್ ಅನ್ನುವ ರಕ್ಕಸ ಗದೆ ಬೀಸಿದರೆ ಎಂಟು ಮುಖದ ಎರಡು ದಾಳ ಹಾಕಿ ನಾಲ್ಕು ಕೂಡಿಸಬೇಕು, ಸರಾಸರಿ 13. ಅಂದರೆ ಹಳಬ ಮೂರು ಏಟು ತಿಂದೂ ನಿಂತಿರುತ್ತಾನೆ, ಹೊಸಬ ಒಂದೇ ಏಟಿಗೆ ನೆಲಕ್ಕೆ. ಹೊಸಬನ ಪಾಲಿಗೆ ಆವತ್ತಿನ ಆಟ ಅಂದರೆ ಮಲಗಿಕೊಂಡು ಉಳಿದವರನ್ನು ನೋಡೂದು. ಬಂದವರನ್ನು ಉಳಿದವರ ಲೆವೆಲ್ಲಿಗೇ ತಂದು ಕೂಡಿಸಿ. ಹಿಂದೆ ಆಡದೇ ಇದ್ದದ್ದಕ್ಕೆ ದಂಡ ಯಾಕ?

ನಮ್ಮ ಹೋರಾಟದಲ್ಲೂ ಇದೇ ಚಾಳಿ ಇದೆ, ಇಲ್ಲಿಯೇ ಹೇಳಿಬಿಡ್ತೀವಿ. ಮೊದಲನೇ ಸಲ ಸಭೆಗೆ ಬಂದ ಹುಡುಗನಿಗೆ "ನೀ ಇಷ್ಟು ದಿನ ಎಲ್ಲಿದ್ದಿ?" ಅಂತ ಕೇಳುವ ಹಿರಿಯರು ನಮ್ಮಲ್ಲಿ ಕಡಿಮೆ ಇಲ್ಲ. ಎಲ್ಲಿದ್ದ? ಮರಾಠಿ ಸಾಲಿಯಲ್ಲಿದ್ದ, ಯಾಕಂದ್ರ ಅವನ ಊರಲ್ಲಿ ಕನ್ನಡದ್ದು ಇರಲಿಲ್ಲ, ಇದ್ದರೂ ಏಳನೇತ್ತೆಗೆ ನಿಂತಿತ್ತು.

ಓಲೆಯ ಪ್ರಸಂಗ ಆದ ಮೇಲೆ ನಮ್ಮ ಕಣ್ಣು ತೆರೆಸಿದ್ದು ಇಚಲಕರಂಜಿಯ ಮಗ್ಗವೇ. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಪಾವರ್‌ಲೂಮ್ ತಂದಾಗಿನಿಂದ ಆ ಊರಿನ ಗದ್ದಲ ನಿಂತಿಲ್ಲ. ಆ ಗದ್ದಲದೊಳಗೆ ಕನ್ನಡ ಮಾತಾಡುವ ಕೈಗಳು ಎಷ್ಟೋ. ಬೀಮಿನ ನೂಲು ಮುಗಿದಾಗ ಅಲ್ಲಿ ಏನು ಮಾಡ್ತಾರ ನೋಡಿದೀರೇನು? ಹಳೆ ಎಳೆಗಳನ್ನು ಫಣಿಯಿಂದ ಪೂರಾ ಕಿತ್ತು ಒಗೆಯೂದಿಲ್ಲ. ತುದಿ ಉಳಿಸಿಕೊಳ್ತಾರೆ. ಹೊಸ ಬೀಮನ್ನು ಹಿಂದೆ ಏರಿಸಿ, ಅದರ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಗಂಟು ಹಾಕುತ್ತಾರೆ. ಕನ್ನಡದಲ್ಲಿ ಕೆಚ್ಚೂದು ಅಂತೀವಲ್ಲ, ಅದೇ. ಆಮೇಲೆ ಮೆಲ್ಲಗೆ ಎಳೆದರೆ ಹಳೆ ಎಳೆಯೇ ಹೊಸ ಎಳೆಯನ್ನು ಫಣಿಯ ಸಂದಿಯೊಳಗಿಂದ ಕರಕೊಂಡು ಬರುತ್ತದೆ. ಗಂಟು ಹಾಕದ ಎಳೆ ಹಿಂದೆಯೇ ಜೋತುಬೀಳುತ್ತದೆ. ನಮ್ಮ ಪಂಡಿತನ ಪಾತ್ರವೂ ಹಂಗೇ ಆಗಿತ್ತು. ಚೆಂದದ ಪಾತ್ರ, ಖರೆ. ಆದರೆ ಮೇಜಿನ ಮೇಲಿನ ಯಾರಿಗೂ ಅವನು ಗೊತ್ತಿರಲಿಲ್ಲ.

ನಮ್ಮ ಕಥೆ ನಡೆಯುವುದು ಶಿಲಾಹಾರರ ಕೊನೆಗಾಲದಲ್ಲಿ. ಪನ್ಹಾಳದಲ್ಲಿ ಇಮ್ಮಡಿ ಭೋಜ ಆಳುತ್ತಿದ್ದಾನೆ, ಉತ್ತರದಿಂದ ಯಾದವ ಸಿಂಘಣನ ದಂಡು ಬರುತ್ತಿದೆ. 1212ರ ಸುಮಾರಿಗೆ ಆ ರಾಜ್ಯವೇ ಮುಗಿಯಿತು. ಇದೇ ಭೋಜನ ಕಾಲಕ್ಕೆ, 1205ರಲ್ಲಿ, ಈಗಿನ ಆಜರಾ ಅಂತ ಗುರುತಿಸುವ ಆಜುರಿಕೆಯ ಬಸದಿಯಲ್ಲಿ ಕೂತು ಸೋಮದೇವ ಅನ್ನುವ ಜೈನ ವಿದ್ವಾಂಸ 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಕರಣದ ಟೀಕೆ ಬರೆದ. ಗಡಹಿಂಗ್ಲಜದಿಂದ ಆಜರಾ ಎಷ್ಟು ದೂರ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಪಂಡಿತ ಅವನ ಶಿಷ್ಯ. ಕೋಟೆ, ಬಸದಿ, ಹೊಳಿ, ಸಂತಿ, ಎಲ್ಲ ನಮ್ಮ ಬಸ್ಸಿನ ಹಾದಿಯಲ್ಲಿ ಸಿಗುವವೇ. ಅದಕ್ಕೇ ಈ ಕಾಲ ಆರಿಸಿದ್ದು.

ಎರಡು ತಿಂಗಳ ಮೇಲೆ ಕೊಲ್ಲಾಪುರದಲ್ಲಿ ಓದುವ ಒಬ್ಬ ತಂಗಿ ಬರ್ತೀನಿ ಅಂದಳು. ಈ ಸಲ ನಾವು ಆಕಿ ಬರುವ ಮೊದಲೇ ನಮ್ಮ ಹಳೆ ನೋಟುಬುಕ್ ತೆಗೆದು, ಕಥೆಯಲ್ಲಿ ಬಂದು ಹೋದ ಸಣ್ಣಸಣ್ಣ ಮಂದಿಯ ಪಟ್ಟಿ ಮಾಡಿದೆವು. ಮೂರನೇ ಬೈಠಕ್ಕಿನಲ್ಲಿ ಖಿದ್ರಾಪುರದ ಘಟ್ಟದಲ್ಲಿ ಒಬ್ಬ ಮುದುಕ ಅಂಬಿಗ ನಮ್ಮನ್ನು ಕೃಷ್ಣೆ ದಾಟಿಸಿದ್ದ. ಕೂಲಿ ಎರಡು ಹಾಗ. ತಿರುಗಿ ಬರುವಾಗ ಕೊಡ್ತೀವಿ ಅಂತ ಹೇಳಿ ನಾವು ಬೇರೆ ಹಾದಿಯಿಂದ ಹೋಗಿದ್ದೆವು. ಯಾರಿಗೂ ನೆನಪೇ ಇರಲಿಲ್ಲ, ನೋಟುಬುಕ್ಕಿನಲ್ಲಿ ಮಾತ್ರ ಇತ್ತು. ಆ ತಂಗಿಗೆ ಅಂಬಿಗನ ಮಗಳ ಪಾತ್ರ ಕೊಟ್ಟೆವು. ಹಿಂದಿನ ಕಥೆ ಏನೂ ಹೇಳಲಿಲ್ಲ, ಬಾಕಿಯ ಸಂಗತಿ ಇಷ್ಟೇ ಹೇಳಿದೆವು.

ಆಟ ಶುರುವಾಯಿತು. ನಮ್ಮವರು ಘಟ್ಟಕ್ಕೆ ಬಂದು ದೋಣಿ ಕೇಳಿದರು. ಕಥೆ ನಡೆಸುವವನು ಭಾಗವತನ ಧಾಟಿಯಲ್ಲಿ ಆಕಿಯ ಕಡೆ ತಿರುಗಿ, "ಯಾರವ್ವಾ ನೀ? ಯಾರ ಪೈಕಿ?" ಅಂದ.

"ಎರಡು ಹಾಗ ಬಾಕಿ ಇಟ್ಟು ಹೋದ್ರಲ್ಲ, ಆ ಅಂಬಿಗರ ಮುದುಕನ ಮಗಳು. ಮೊದಲ ಅದನ್ನ ಇಡ್ರಿ, ಆಮ್ಯಾಲ ದೋಣಿ."

ಮೇಜೆಲ್ಲ ನಗು. ಈ ಸಲ ನಗು ಆಕಿಯ ಪರವಾಗಿತ್ತು. ಸಾಲ ಮಾಡಿದವರು ನಾವು, ವಸೂಲಿಗೆ ಬಂದಾಕಿ ಆಕಿ, ಐದು ನಿಮಿಷದಲ್ಲಿ ಹಳೇ ಪರಿಚಯದವರ ಹಂಗ ಜಗಳಾಡುತ್ತಿದ್ದರು. ಹೊಳಿಯ ಸುಳಿ ಎಲ್ಲಿ, ಕಾಲು ಹತ್ತುವ ಮರಳು ಎಲ್ಲಿ ಅನ್ನೂದು ಆಕಿಯ ಪಾತ್ರಕ್ಕೆ ಮಾತ್ರ ಗೊತ್ತು ಅಂತ ಇಟ್ಟಿದ್ದೆವು. ಸಂಜೀಕ ಯಾದವರ ಕಾವಲಿನ ಕಣ್ಣು ತಪ್ಪಿಸಿ ದಾಟುವಾಗ ಐದೂ ಮಂದಿ ಆಕಿಯ ಬಾಯಿ ನೋಡಬೇಕಾಯಿತು. ಆಕಿ ಈಗಲೂ ಬರ್ತಾಳ. ಆ ಎರಡು ಹಾಗ ಈಗಲೂ ಕೊಟ್ಟಿಲ್ಲ, ಬೇಕಂತಲೇ.

ಹೊಸ ಪಾತ್ರಕ್ಕೆ ಬೇಕಾದ್ದು ಮೊದಲು ಒಂದು ಗಂಟು. ಸಾಲ, ಸೋದರಿಕೆ, ಹಗೆ, ಯಾವುದಾದರೂ ನಡೀತೈತಿ, ಆದರೆ ಅದು ಮೊದಲೇ ಮೇಜಿನ ಮೇಲಿರುವ ಪಾತ್ರದ ಜೊತೆ ಇರಬೇಕು. ಮತ್ತೆ ಅವತ್ತೇ ಮಾಡುವಂಥ, ಬೇರೆ ಯಾರಿಗೂ ಬಾರದ ಒಂದು ಕೆಲಸ. ಕಥೆಯಲ್ಲಿ ಈಗಾಗಲೇ ಸುಳಿದು ಹೋದ ಸಣ್ಣ ಪಾತ್ರವನ್ನೇ ಹೊಸಬರ ಕೈಗೆ ಕೊಡೂದು ಎಲ್ಲಕ್ಕಿಂತ ಚಲೋ. ಹೊಸ ಪಾತ್ರ ನಂಬಿಕಸ್ಥನೋ ಅಲ್ಲೋ ಅಂತ ಹಳಬರು ಒಂದು ತಾಸು ವಿಚಾರಣೆ ಮಾಡುವ ಕಾಟವೂ ತಪ್ಪುತ್ತದೆ. ಹಳಬರ ಪಾತ್ರ ಸತ್ತು ಅವರು ಹೊಸದು ತರುವಾಗಲೂ ಇದೇ ದಾರಿ.

ಇನ್ನು ಲಿಪಿಯ ಮಾತು. ಇದಕ್ಕೆ ನಮ್ಮೊಳಗೇ ಜಗಳ ಆಗಿದೆ, ಮುಚ್ಚಿಡೂದಿಲ್ಲ. ಪಾತ್ರದ ಹಾಳೆಯಲ್ಲಿ ಹೆಸರು, ಬಲ, ಉಸುರು, ಸಾಮಾನು ಬರೆದುಕೊಳ್ಳಬೇಕು. ಕನ್ನಡ ಓದಲು ಬಾರದವರು ಬಂದರೆ ಅವರ ಹಾಳೆಯಲ್ಲಿ ಕನ್ನಡವನ್ನೇ ದೇವನಾಗರಿಯಲ್ಲಿ ಬರೆಯಬಹುದೇ? ಕನ್ನಡ ಸಾಲಿ ಉಳಿಸಲು ಮನೆಮನೆ ಸಹಿ ಎತ್ತಿದ ನಮ್ಮ ಅಣ್ಣ ಒಬ್ಬರು ಸಿಟ್ಟಾದರು: "ಅಕ್ಷರಕ್ಕಂತನ ಇಷ್ಟು ವರ್ಷ ಬಡಿದಾಡೇವಿ. ನಾವ ಬಿಟ್ಟ ಕೊಟ್ರ ಮುಂದ ಏನ್ ಉಳೀತೈತಿ?" ಅವರ ಮಾತಿನಲ್ಲಿ ತೂಕ ಇದೆ. ಅಕ್ಷರ ಹೋದ ಮನೆಯಲ್ಲಿ ಮಾತು ಎರಡು ತಲೆಮಾರು ಉಳಿದರೆ ಹೆಚ್ಚು ಅನ್ನೂದನ್ನು ನಮ್ಮ ನಮ್ಮ ಓಣಿಯಲ್ಲೇ ನೋಡಿದ್ದೇವೆ.

ಆದರೂ ನಾವು ಬರೆಯಬಹುದು ಅನ್ನುವ ಕಡೆ ನಿಂತೆವು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗುವ ಹಾಗೆ ನೋಡಿಕೊಳ್ಳಬೇಕು ಅಂತ ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಆ ಕೆಲಸ ಆಗದೇ ಹೋದದ್ದಕ್ಕೆ ಇಪ್ಪತ್ತು ವರ್ಷದ ಹುಡುಗನನ್ನು ನಮ್ಮ ಮೇಜಿನ ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದರೆ, ಅವನಿಗೆ ಎರಡು ಸಲ ಅನ್ಯಾಯ. ಮೊದಲನೆಯದನ್ನು ಸರಕಾರ ಮಾಡಿತು, ಎರಡನೆಯದು ನಮ್ಮದೇ ಕೈಯದು. ಮೊದಲ ಹಾಳೆ ಅವರಿಗೆ ಬರುವ ಲಿಪಿಯಲ್ಲಿರಲಿ. ಮಾತು ಮಾತ್ರ ಕನ್ನಡದಲ್ಲಿ, ಅದೂ ಅವರ ಮನೆಯ ಕನ್ನಡದಲ್ಲಿ. 'ಐತಿ', 'ಹೊಂಟೇನಿ' ಅಂದವರನ್ನು ತಿದ್ದುವ ಹುಕಿ ಯಾರಿಗಾದರೂ ಬಂದರೆ ಭಡಂಗ ಬಾಯಿಗೆ ಹಾಕಿಕೊಂಡು ಕೂಡ್ರಿ. ಪಾತ್ರ ಲೆವೆಲ್ ಏರಿದಾಗ ಹಾಳೆ ಹೊಸದಾಗಿ ಬರೆಯಬೇಕಾಗುತ್ತದೆ, ಆಗ ಪಾತ್ರದ ಹೆಸರು ಕನ್ನಡ ಅಕ್ಷರದಲ್ಲಿ, ಮುಂದಿನ ಸಲ ಸಾಮಾನಿನ ಹೆಸರು. ತನ್ನ ಕತ್ತಿಯ ಹೆಸರು ಓದಲು ಅಕ್ಷರ ಕಲಿತವನೊಬ್ಬ ನಮ್ಮಲ್ಲೇ ಇದ್ದಾನೆ. ಸಿಟ್ಟಾಗಿದ್ದ ಅಣ್ಣನೇ ಅವನಿಗೆ ಒತ್ತಕ್ಷರ ಕಲಿಸುತ್ತಿದ್ದಾರೆ.

ಮರಾಠಿ ಗೆಳೆಯರು ಬರ್ತೀವಿ ಅಂದರೆ? ಬರಲಿ. ಯಾದವರ ದೂತನ ಪಾತ್ರ ಕೊಡಿ. ಅವರು ಮರಾಠಿಯಲ್ಲಿ ಕೇಳಲಿ, ನಾವು ಕನ್ನಡದಲ್ಲಿ ಉತ್ತರ ಕೊಡೋಣ. ಸಂತೆಯಲ್ಲಿ ದಿನಾ ನಡೆಯೂದು ಅದೇ ಅಲ್ಲೇನು? ಖಿದ್ರಾಪುರದ ಕೊಪ್ಪೇಶ್ವರ ಗುಡಿಗೆ ಹೋಗಿ ನೋಡಿ, ಹಳಗನ್ನಡದ ಶಾಸನಗಳೂ ಇವೆ, ಸಿಂಘಣ ಹಾಕಿಸಿದ ದೇವನಾಗರಿ ಶಾಸನವೂ ಇದೆ. ಒಂದರ ಮೇಲೆ ಇನ್ನೊಂದನ್ನು ಕೆತ್ತಿಲ್ಲ.

ನಿಯಮದ ಪುಸ್ತಕ ಇಂಗ್ಲಿಷಿನಲ್ಲಿದೆ ಅಂತ ಹಿಂಜರಿಯುವವರಿಗೆ ಒಂದು ಸುದ್ದಿ. 2023ರ ಜನವರಿಯಲ್ಲಿ ಈ ಆಟದ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಮೂಲದವರ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಅನುವಾದ ಮಾಡಿ ಹಂಚಬಹುದು. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಬಂದಿದೆ. ನಾವು ಹೊಸ ಪಾತ್ರ ಕಟ್ಟುವ ಭಾಗವನ್ನು ಮೊದಲು ಕನ್ನಡಕ್ಕೆ ತರುತ್ತಿದ್ದೇವೆ, ಯಾಕಂದ್ರ ಹೊಸಬರು ಮೊದಲು ಕೇಳೂದು ಅದನ್ನೇ. ಓದಿ ಕೇಳಿಸುವ ಆಡಿಯೋನೂ ಜೊತೆಗೆ ಇರುತ್ತದೆ.

ಮುಂದಿನ ಬೈಠಕ್ ಪನ್ಹಾಳದ ಕೋಟೆ ಬಾಗಿಲಲ್ಲಿ ಶುರು. ಕೆಳಗೆ ಸಿಂಘಣನ ದಂಡು ಬೀಡು ಬಿಟ್ಟಿದೆ. ಖಾಲಿ ಇರುವ ಪಾತ್ರ ಎರಡು. ಒಂದು, ನಾವು ಸಂತೆಯಲ್ಲಿ ಮೋಸ ಮಾಡಿದ ಎತ್ತಿನ ವ್ಯಾಪಾರಿ, ಹುಡುಕಿಕೊಂಡು ಬಂದಿದ್ದಾನೆ. ಇನ್ನೊಂದು, ಆಜುರಿಕೆಯ ಆ ಪಂಡಿತ. ಅವನ ಪಾತ್ರವನ್ನು ಇಚಲಕರಂಜಿಯ ತಮ್ಮ ಎದ್ದು ಹೋದ ಮೇಲೆ ಯಾರಿಗೂ ಕೊಟ್ಟಿಲ್ಲ. ಈ ಬರಹ ಅವನ ಗೆಳೆಯರು ಯಾರಾದರೂ ಓದಿದರೆ ಅವನಿಗೆ ಓದಿ ಹೇಳಿ: ಪಂಡಿತನಿಗೆ ಈಗ ಕಣ್ಣು ಮಂಜಾಗಿದೆ. ಓಲೆ ಓದಲು ಅಂಬಿಗನ ಮಗಳು ಇದ್ದಾಳೆ. ಅದರ ಅರ್ಥ ಏನು ಅಂತ ಹೇಳುವವರು ಮಾತ್ರ ಬೇಕಾಗಿದ್ದಾರೆ.